ಪೋಸ್ಟರ್ ಚೆನ್ನಾಗಿದೆ, ಪುಸ್ತಕ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಸಾಹಿತ್ಯದ ಪಾಠಕ್ಕೆ ಮಕ್ಕಳು ಮಾಡುವ ಪ್ರಾಜೆಕ್ಟುಗಳೆಲ್ಲ ಬರೀ ಕತ್ತರಿ-ಗೋಂದಿನ ಕೆಲಸ, ಇದಕ್ಕಿಂತ ಕೂರಿಸಿ ಒಂದು ಪ್ರಬಂಧ ಬರೆಸುವುದು ವಾಸಿ ಅಂತ ನಿಮ್ಮ ಓದುಗರೊಬ್ಬರು ಈಚೆಗೆ ಬರೆದಿದ್ದರು. ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಜಗಳ ಇದೆ. ನಾನು ಅಮೆರಿಕದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಇಲ್ಲಿ ಸಾಮಾನ್ಯವಾಗಿ ಹನ್ನೊಂದನೇ ತರಗತಿ ಅಂದರೆ ಅಮೆರಿಕನ್ ಸಾಹಿತ್ಯದ ವರ್ಷ. ಹದಿನಾರು-ಹದಿನೇಳರ ಹುಡುಗ ಹುಡುಗಿಯರು, ಕೈಯಲ್ಲಿ ಫೋನು, ಮುಂದೆ ಹಾಥಾರ್ನ್, ಡಗ್ಲಾಸ್, ಡಿಕಿನ್ಸನ್, ಟ್ವೇನ್, ಫಿಟ್ಸ್‌ಜೆರಾಲ್ಡ್. ಪ್ರತಿ ಪುಸ್ತಕ ಮುಗಿದಾಗ ಒಂದು ಪ್ರಾಜೆಕ್ಟ್ ಇರುತ್ತದೆ. ಅದರಲ್ಲಿ ಎರಡು ಬಗೆ. ಒಂದು 'ಕ್ರಿಯೇಟಿವ್', ಅಂದರೆ ಕಲ್ಪಿಸಿ ಏನಾದರೂ ಮಾಡುವುದು, ಇನ್ನೊಂದು 'ಅನಲಿಟಿಕಲ್', ಅಂದರೆ ಪ್ರಬಂಧದಂಥ ವಿಶ್ಲೇಷಣೆ. ಬೇಕಾದ್ದು ಆರಿಸಿಕೊಳ್ಳಿ ಅಂತ ಹೇಳಿಬಿಡುತ್ತಾರೆ.

ಹೀಗೆ ಎರಡು ಡಬ್ಬಿ ಮಾಡಿ ಇಟ್ಟಿದ್ದೇ ತಪ್ಪು ಅನ್ನುವುದು ನನ್ನ ತಕರಾರು. ಯಾಕೆಂದರೆ ಪುಸ್ತಕ ಓದದೆಯೇ ಎರಡನ್ನೂ ಮಾಡಿ ಮುಗಿಸಬಹುದು.

'ದಿ ಗ್ರೇಟ್ ಗ್ಯಾಟ್ಸ್‌ಬಿ'ಯನ್ನೇ ತೆಗೆದುಕೊಳ್ಳಿ. ಫಿಟ್ಸ್‌ಜೆರಾಲ್ಡ್ ಅವರ 1925ರ ಕಾದಂಬರಿ, ದೊಡ್ಡ ದೊಡ್ಡ ಪಾರ್ಟಿ ಕೊಡುವ ಒಬ್ಬ ಸಿರಿವಂತನ ಕಥೆ, ಇಲ್ಲಿನ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಯಾವಾಗಲಾದರೂ ಮುಟ್ಟಿಯೇ ಮುಟ್ಟುತ್ತಾರೆ. ಕ್ರಿಯೇಟಿವ್ ಅಂದ ಕೂಡಲೇ ಬರುವುದು ಪಾರ್ಟಿಯ ಪೋಸ್ಟರು. ಕಪ್ಪು ಹಾಳೆ, ಚಿನ್ನದ ಗ್ಲಿಟರ್, ಶಾಂಪೇನ್ ಗ್ಲಾಸು, ಮೂಲೆಯಲ್ಲಿ ಒಂದು ಹಸಿರು ದೀಪ. ಈ ಹಸಿರು ದೀಪ ಎಲ್ಲರಿಗೂ ಗೊತ್ತು. ಪುಸ್ತಕ ಓದದವರಿಗೂ ಗೊತ್ತು! ಮೊದಲ ಅಧ್ಯಾಯದ ಕೊನೆಗೆ ಗ್ಯಾಟ್ಸ್‌ಬಿ ಕತ್ತಲಲ್ಲಿ ನಿಂತು ನೀರಿನಾಚೆಯ ಆ ದೀಪದ ಕಡೆ ಕೈ ಚಾಚುತ್ತಾನೆ, ಅದು ಅವನು ಹಂಬಲಿಸುವ ಡೇಸಿಯ ಮನೆಯ ಕಡೆಯ ದೀಪ. ಆದರೆ ಐದನೇ ಅಧ್ಯಾಯದಲ್ಲಿ ಡೇಸಿ ಅವನ ಪಕ್ಕದಲ್ಲೇ ಬಂದು ನಿಂತಾಗ ಏನಾಗುತ್ತದೆ? ದೀಪದ ದೊಡ್ಡಸ್ತಿಕೆ ಹೋಗುತ್ತದೆ. ಅದೂ ಎಲ್ಲ ದೀಪಗಳ ಹಾಗೆ ಒಂದು ದೀಪ. ಕಥೆ ಹೇಳುವ ನಿಕ್ ಇದನ್ನು ಬಹಳ ಮೆಲ್ಲಗೆ ಹೇಳಿ ಮುಂದೆ ಹೋಗುತ್ತಾನೆ. ಆ ಪುಟವನ್ನು ಓದಿದ ಹುಡುಗಿ ಪೋಸ್ಟರ್ ಮಾಡಿದರೆ ಆ ದೀಪವನ್ನು ಅಷ್ಟು ದೊಡ್ಡದಾಗಿ ಹಾಕಲಾರಳು. ಅಥವಾ ಎರಡು ಸಲ ಹಾಕುತ್ತಾಳೆ, ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು. ಆ ಕೆಲಸದಲ್ಲಿ ಕ್ರಿಯೇಟಿವ್ ಎಲ್ಲಿ ಮುಗಿಯಿತು, ಅನಲಿಟಿಕಲ್ ಎಲ್ಲಿ ಶುರುವಾಯಿತು ಹೇಳಿ ನೋಡೋಣ.

ಇನ್ನು ಆ ಓದುಗರು ಬಯಸುವ ಪ್ರಬಂಧ. ಇಲ್ಲಿ ಅದಕ್ಕೊಂದು ಸಿದ್ಧ ಅಚ್ಚು ಇದೆ, ಐದು ಪ್ಯಾರಾ. ಮೊದಲ ಪ್ಯಾರಾದಲ್ಲಿ ವಾದ, ನಡುವೆ ಮೂರು ಕಾರಣ, ಕೊನೆಗೆ ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳುವುದು. "ಹಸಿರು ದೀಪವು ಅಮೆರಿಕನ್ ಕನಸಿನ ಸಂಕೇತ" ಅಂತ ಬರೆದರೆ ಅಂಕ ಗ್ಯಾರಂಟಿ. ಇದನ್ನು ಬರೆಯುವುದಕ್ಕೆ ಮೊದಲು ಸ್ಟಡಿ ಗೈಡುಗಳು ಸಾಕಾಗುತ್ತಿದ್ದವು. ಈಗ ಅದೂ ಬೇಡ, ಕಂಪ್ಯೂಟರಿಗೆ ಒಂದು ಸಾಲು ಹೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಐದೂ ಪ್ಯಾರಾ ರೆಡಿ. ಪೋಸ್ಟರಿನ ಹುಡುಗ ಕೊನೇಪಕ್ಷ ಗ್ಲಿಟರನ್ನಾದರೂ ತಾನೇ ಅಂಟಿಸಿರುತ್ತಾನೆ. ಹಾಗಾಗಿ 'ಪ್ರಬಂಧ ಬರೆಸಿ, ಸರಿಹೋಗುತ್ತದೆ' ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಏನು ಮಾಡಬೇಕು? ಮಕ್ಕಳು ಪಠ್ಯಕ್ಕೇ ಕೈ ಹಾಕುವಂಥ ಕೆಲಸ ಕೊಡಬೇಕು. ಪುಸ್ತಕದ ಬಗ್ಗೆ ಏನೋ ಒಂದು ಮಾಡುವುದು ಬೇರೆ, ಪುಸ್ತಕದ ಸಾಲುಗಳನ್ನೇ ಹಿಡಿದು ಎಳೆದು ತಿರುಗಿಸಿ ನೋಡುವುದು ಬೇರೆ. ಸುಮ್ನೆ ಹೇಳಿದರೆ ಗಾಳಿಮಾತಾಗುತ್ತದೆ, ಕೆಲವು ಉದಾಹರಣೆ ಕೊಡುತ್ತೇನೆ.

ಎಮಿಲಿ ಡಿಕಿನ್ಸನ್. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ 1830ರಲ್ಲಿ ಹುಟ್ಟಿ 1886ರಲ್ಲಿ ತೀರಿಕೊಂಡರು. ಬರೆದದ್ದು ಹತ್ತಿರ ಹತ್ತಿರ 1800 ಪದ್ಯ. ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆ ಅನ್ನುವಷ್ಟು. ತೀರಿಕೊಂಡ ಮೇಲೆ ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಸೇರಿ 1890ರಲ್ಲಿ ಮೊದಲ ಸಂಕಲನ ತಂದರು. ತರುವಾಗ ಪದ್ಯಗಳನ್ನು 'ಸರಿ' ಮಾಡಿದರು. ಸಾಲಿನ ನಡುವೆ ಆಕೆ ಎಳೆದಿದ್ದ ಅಡ್ಡಗೆರೆಗಳನ್ನು ತೆಗೆದು ಅಲ್ಪವಿರಾಮ ಹಾಕಿದರು, ಪ್ರಾಸ ಕೂಡದ ಕಡೆ ಕೂಡಿಸಿದರು, ಶೀರ್ಷಿಕೆ ಇಲ್ಲದವಕ್ಕೆ ಶೀರ್ಷಿಕೆ ಕೊಟ್ಟರು. ಸಾವು ಗಾಡಿ ತಂದು ತನ್ನನ್ನು ಕರೆದುಕೊಂಡು ಹೋಗುವ ಆ ಪ್ರಸಿದ್ಧ ಪದ್ಯ ಇದೆಯಲ್ಲ, ಅದಕ್ಕೆ 'ದಿ ಚಾರಿಯಟ್' ಅಂತ ಹೆಸರಿಟ್ಟು, ಆರು ಚರಣಗಳಲ್ಲಿ ಒಂದನ್ನು ಬಿಟ್ಟೇಬಿಟ್ಟರು. ಆಕೆ ಬರೆದ ಹಾಗೇ ಎಲ್ಲ ಪದ್ಯ ಒಟ್ಟಿಗೆ ಸಿಗಲು ಥಾಮಸ್ ಜಾನ್ಸನ್ 1955ರಲ್ಲಿ ತಂದ ಆವೃತ್ತಿಯವರೆಗೆ ಕಾಯಬೇಕಾಯಿತು.

ಈಗ ಆಕೆಯ ಕೈಬರಹದ ಹಾಳೆಗಳೇ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಾಗಿ ನಾನು ಕೊಡುವ ಕೆಲಸ ಇಷ್ಟೇ. ನೀವೇ 1890ರ ಸಂಪಾದಕರು. ಈ ಹಸ್ತಪ್ರತಿ ನಿಮ್ಮ ಮೇಜಿನ ಮೇಲಿದೆ. ಅಚ್ಚಿಗೆ ಸಿದ್ಧ ಮಾಡಿ. ಎಲ್ಲಿ ಏನು ತಿದ್ದಿದಿರಿ, ಯಾಕೆ, ಪಕ್ಕದಲ್ಲಿ ಬರೆಯಿರಿ. ಅದು ಮುಗಿದ ಮೇಲೆ ನಿಜವಾದ 1890ರ ಪುಟ ಕೊಡುತ್ತೇನೆ.

ಆಮೇಲೆ ನಡೆಯುವ ಮಾತುಕತೆ ಯಾವ ಪ್ರಬಂಧದಲ್ಲೂ ಬರುವುದಿಲ್ಲ. ಹಸ್ತಪ್ರತಿಯಲ್ಲಿ ಶಾಲೆಯ ಮಕ್ಕಳು ಬಿಡುವಿನ ವೇಳೆಯಲ್ಲಿ ವೃತ್ತ ಕಟ್ಟಿಕೊಂಡು ಏನೋ ಹೆಣಗಾಡುತ್ತಿದ್ದಾರೆ, ಆಟದಲ್ಲೂ ಒಂದು ಜಗ್ಗಾಟ ಇದೆ. 1890ರ ಪುಟದಲ್ಲಿ ಅದೇ ಮಕ್ಕಳು ಪಾಠ ಮುಗಿಸಿ ಬಂದು ಹಾಯಾಗಿ ಆಡುತ್ತಿದ್ದಾರೆ. ಬಿಟ್ಟುಹೋದ ಚರಣದಲ್ಲಿ ಏನಿತ್ತು? ಅದಕ್ಕೆ ಮುಂಚಿನ ಸಾಲಲ್ಲಿ ನಾವು ಸೂರ್ಯನನ್ನು ದಾಟಿದೆವು ಅಂದವಳು ಅಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾಳೆ, ಅಲ್ಲ, ಅವನೇ ನಮ್ಮನ್ನು ದಾಟಿಹೋದ ಅಂತ. ಇಬ್ಬನಿ ಬೀಳುತ್ತದೆ, ನಡುಕ ಬರುತ್ತದೆ, ಮೈಮೇಲಿರುವುದು ತೆಳ್ಳನೆ ಬಟ್ಟೆ. ಇಡೀ ಪದ್ಯದಲ್ಲಿ ಚಳಿ ಆಗುವುದು ಅಲ್ಲೊಂದೇ ಕಡೆ. ಆ ಚರಣ ತೆಗೆದರೆ ಸಾವಿನ ಜೊತೆಯ ಪ್ರಯಾಣ ಸಂಜೆಯ ಒಂದು ಒಳ್ಳೆ ಗಾಡಿಸವಾರಿ ಆಗಿಬಿಡುತ್ತದೆ. ಒಬ್ಬ ಹುಡುಗ, ಇಡೀ ವರ್ಷ ಬಾಯಿ ಬಿಡದವನು, "ಸಂಪಾದಕರು ಆಕೆಗೆ ಸ್ವೆಟರ್ ಹಾಕಿಸಿದ್ದಾರೆ" ಅಂದ. ನಾನು ವಿಮರ್ಶೆಯ ಪುಸ್ತಕ ಮುಚ್ಚಿ ಇಟ್ಟೆ.

ಹಾಗಂತ ಟಾಡ್ ಮತ್ತು ಹಿಗಿನ್ಸನ್ ಅವರನ್ನು ಖಳರು ಮಾಡಿ ಬಿಡುವುದು ಸುಲಭ, ಮಕ್ಕಳಿಗೆ ಅದು ಇಷ್ಟ ಕೂಡ. ಆದರೆ ಅವರು ತಿದ್ದಿ ತಂದಿರದಿದ್ದರೆ ಅಂದಿನ ಓದುಗರು ಆಕೆಯನ್ನು ಓದುತ್ತಿದ್ದರಾ? ಈ ಪ್ರಶ್ನೆಗೆ ತಮ್ಮದೇ ಕೈಯಲ್ಲಿ ಕೆಂಪು ಪೆನ್ನು ಹಿಡಿದವರು ಹೆಚ್ಚು ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ. ಯಾಕೆಂದರೆ ಅವರಲ್ಲೂ ಬಹಳ ಜನ ಅಡ್ಡಗೆರೆಗಳನ್ನು ಹೊಡೆದುಹಾಕಿರುತ್ತಾರೆ.

ಇನ್ನೊಂದು ಕೆಲಸ ಇದಕ್ಕೆ ಉಲ್ಟಾ. ಸರಿ ಮಾಡುವುದಲ್ಲ, ಬೇಕಂತಲೇ ಕೆಡಿಸುವುದು. ಮಾರ್ಕ್ ಟ್ವೇನ್ ಅವರ 'ಹಕಲ್‌ಬೆರಿ ಫಿನ್' ಕಾದಂಬರಿಯ ಹತ್ತೊಂಬತ್ತನೇ ಅಧ್ಯಾಯದ ಶುರುವಿನಲ್ಲಿ ಮಿಸಿಸಿಪ್ಪಿ ನದಿಯ ಮೇಲೆ ಬೆಳಗಾಗುತ್ತದೆ. ಮೊದಲು ನೀರಿನಾಚೆ ಒಂದು ಮಬ್ಬು ಗೆರೆ, ಅದು ಆ ದಡದ ಕಾಡು. ಆಮೇಲೆ ಆಕಾಶದಲ್ಲಿ ಒಂದು ಕಡೆ ಬಿಳುಪು, ಅದು ಹರಡುತ್ತದೆ. ಹೀಗೆ ಒಂದೊಂದೇ ಕಣ್ಣಿಗೆ ಬೀಳುತ್ತಾ ಹೋಗುತ್ತದೆ. ಹೇಳುತ್ತಿರುವವನು ಹಕ್, ಸರಿಯಾಗಿ ಶಾಲೆ ಕಲಿಯದ ಹುಡುಗ, ವ್ಯಾಕರಣ ಎಲ್ಲ ಎಡವಟ್ಟು. ಅದನ್ನು 'ಶುದ್ಧ'ವಾದ ಇಂಗ್ಲಿಷಿನಲ್ಲಿ, ಶಾಲೆಯ ಪ್ರಬಂಧದ ಹಾಗೆ ಬರೆಯಿರಿ ಅನ್ನುತ್ತೇನೆ. ಮಕ್ಕಳು ಖುಷಿಯಿಂದ ಬರೆಯುತ್ತಾರೆ. ಕಾಡು, ಹೂವು, ತಂಗಾಳಿ ಎಲ್ಲ ಬರುತ್ತದೆ. ಆದರೆ ಹಕ್ ಹೇಳುವ ಗಾಳಿಯಲ್ಲಿ ಹೂವಿನ ವಾಸನೆಯ ಜೊತೆ ಒಮ್ಮೊಮ್ಮೆ ಸತ್ತ ಮೀನಿನ ನಾತವೂ ಬರುತ್ತದೆ, ಯಾರೋ ದಡದಲ್ಲಿ ಬಿಟ್ಟುಹೋದ ಮೀನು. ಮಕ್ಕಳು ಮೊದಲು ತೆಗೆಯುವುದು ಆ ಮೀನನ್ನೇ! ಯಾರೂ ತೆಗೆಯಿರಿ ಅಂತ ಹೇಳಿರುವುದಿಲ್ಲ. ಭಾಷೆ ಶುದ್ಧವಾದ ಕೂಡಲೇ ಮೀನು ತಾನಾಗಿ ಹೋಗುತ್ತದೆ. ಟ್ವೇನ್ ಯಾಕೆ ಈ ಹುಡುಗನ ಬಾಯಲ್ಲೇ ಕಥೆ ಹೇಳಿಸಿದರು ಅನ್ನುವ ಪ್ರಶ್ನೆಗೆ ನಾನು ಒಂದು ಗಂಟೆ ಉಪನ್ಯಾಸ ಕೊಡಬಹುದು. ಆ ಮೀನು ಅದಕ್ಕಿಂತ ಚೆನ್ನಾಗಿ ಪಾಠ ಮಾಡುತ್ತದೆ.

(ಈ ಕಾದಂಬರಿಯ ಹಸ್ತಪ್ರತಿಯ ಮೊದಲ ಅರ್ಧ 1990ರಲ್ಲಿ ಹಾಲಿವುಡ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಅದನ್ನು ಹೇಳಿದರೆ ಮಕ್ಕಳು ಎರಡು ದಿನ ತಮ್ಮ ಮನೆಯ ಅಟ್ಟ ಹುಡುಕುತ್ತಾರೆ, ಅದು ಬೇರೆ ವಿಷಯ.)

ಹಕ್ ಪುಸ್ತಕದಲ್ಲಿ ಕರಿಯರನ್ನು ಹೀನಾಯವಾಗಿ ಕರೆಯುವ ಪದ ಪುಟಪುಟಕ್ಕೂ ಬರುತ್ತದೆ. 1885ರಲ್ಲೇ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯ ಈ ಪುಸ್ತಕವನ್ನು ಹೊರಗೆ ಹಾಕಿತ್ತು, ಆಗಿನ ಕಾರಣ ಅದು ಒರಟು ಅನ್ನುವುದು. 2011ರಲ್ಲಿ ಆ ಪದದ ಜಾಗಕ್ಕೆ 'ಗುಲಾಮ' ಅಂತ ಹಾಕಿದ ಒಂದು ಆವೃತ್ತಿಯೂ ಬಂತು. ಇದರ ಬಗ್ಗೆ ಚರ್ಚೆ ಮಾಡಿಸಬೇಕು, ಬೇಡ ಅನ್ನುವುದಿಲ್ಲ. ಆದರೆ ಕರಿಯ ಮಕ್ಕಳೂ ಕೂತಿರುವ ತರಗತಿಯಲ್ಲಿ ಇದನ್ನು ಆಟದ ಹಾಗೆ ಪ್ರಾಜೆಕ್ಟ್ ಮಾಡಬಾರದು. ಇಲ್ಲೇ ನನ್ನ ಒಂದು ಖಡಾಖಂಡಿತ ಅಭಿಪ್ರಾಯ ಹೇಳಿಬಿಡುತ್ತೇನೆ. 'ನೀನೇ ಗುಲಾಮ ಅಂದುಕೊಂಡು ಒಂದು ಡೈರಿ ಬರಿ', 'ನೀನೇ ಯಜಮಾನ ಅಂದುಕೊಂಡು ಪತ್ರ ಬರಿ' ಅನ್ನುವ ಕ್ರಿಯೇಟಿವ್ ಕೆಲಸಗಳು ಇಲ್ಲಿ ಇನ್ನೂ ಅಲ್ಲಲ್ಲಿ ನಡೆಯುತ್ತವೆ. ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ, ಮಕ್ಕಳಿಗೆ ಅನುಕಂಪ ಬರಲಿ ಅಂತ. ಬರುವುದು ಅನುಕಂಪ ಅಲ್ಲ, ನಾಟಕ. ನೋವು ಉಂಡವರ ಜಾಗದಲ್ಲಿ ಮಕ್ಕಳನ್ನು ಕೂರಿಸಬೇಡಿ. ಸಂಪಾದಕನ ಜಾಗದಲ್ಲಿ ಕೂರಿಸಿ, ಅಚ್ಚು ಹಾಕುವವನ ಜಾಗದಲ್ಲಿ, ಅಂದು ಆ ಪುಸ್ತಕ ಕೊಂಡು ಓದಿದವನ ಜಾಗದಲ್ಲಿ ಕೂರಿಸಿ. ಕಲ್ಪನೆಗೆ ಅಲ್ಲಿ ಬೇಕಾದಷ್ಟು ಜಾಗ ಇದೆ.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಬರಹಗಾರರಾದ ಫ್ರೆಡರಿಕ್ ಡಗ್ಲಾಸ್ ವಿಷಯದಲ್ಲಿ ನಾನು ಮಾಡುವುದು ಇದನ್ನೇ. ಡಗ್ಲಾಸ್ ತಮ್ಮ ಜೀವನವನ್ನು ಮೂರು ಸಲ ಬರೆದರು, 1845, 1855 ಮತ್ತು 1881ರಲ್ಲಿ. ಮೊದಲನೆಯದು ಬಾಸ್ಟನ್ನಿನ ಗುಲಾಮಗಿರಿ ವಿರೋಧಿಗಳ ಕಚೇರಿಯಿಂದ ಬಂತು. ಅದರಲ್ಲಿ ಬಾಲ್ಯ ಇದೆ, ಅಕ್ಷರ ಕಲಿತದ್ದು ಇದೆ, ಹೊಡೆತ ಇದೆ, ತಿರುಗಿ ಬಿದ್ದದ್ದು ಇದೆ. ಆದರೆ ಓದುಗ ಕಾಯುತ್ತಾ ಕೂತ ಒಂದು ಪ್ರಸಂಗ ಮಾತ್ರ ಇಲ್ಲ. ಹೇಗೆ ತಪ್ಪಿಸಿಕೊಂಡರು ಅನ್ನುವುದೇ ಇಲ್ಲ! ಹೇಳುವುದಿಲ್ಲ ಅಂತಲೇ ಹೇಳುತ್ತಾರೆ. ಕಾರಣಗಳನ್ನೂ ಕೊಡುತ್ತಾರೆ. ಹೇಳಿದರೆ ನೆರವಾದವರು ಸಿಕ್ಕಿಬೀಳುತ್ತಾರೆ. ಹಿಂದೆ ಬರುವವರಿಗೆ ಆ ದಾರಿ ಮುಚ್ಚುತ್ತದೆ. ಗುಲಾಮರನ್ನು ಗುಟ್ಟಾಗಿ ಪಾರುಮಾಡುವ ಜಾಲಕ್ಕೆ 'ಅಂಡರ್‌ಗ್ರೌಂಡ್ ರೈಲ್‌ರೋಡ್', ಅಂದರೆ ನೆಲದಡಿಯ ರೈಲು ಅನ್ನುತ್ತಿದ್ದರು; ಅದನ್ನು ಊರೆಲ್ಲ ಸಾರಿಕೊಂಡು ಓಡಾಡುವ ಸ್ನೇಹಿತರು ಅದನ್ನು ನೆಲದ ಮೇಲಿನ ರೈಲು ಮಾಡಿಬಿಟ್ಟಿದ್ದಾರೆ ಅಂತ ಚುಚ್ಚುತ್ತಾರೆ. ಇನ್ನೊಂದು ಕಾರಣ ಇದೆ, ಅದು ನನಗೆ ಬಹಳ ಇಷ್ಟ. ಯಜಮಾನನಿಗೆ ಏನೂ ಗೊತ್ತಾಗಬಾರದು, ತನ್ನ ಸುತ್ತ ಕಾಣದ ಶತ್ರುಗಳು ಇದ್ದಾರೆ ಅಂತ ಅವನು ಹೆದರಿಕೊಂಡೇ ಇರಲಿ.

ಕೆಲಸ ಏನಪ್ಪಾ ಅಂದರೆ, ಇಬ್ಬಿಬ್ಬರ ಜೋಡಿ. ಒಬ್ಬಳು 1845ರ ಪ್ರಕಾಶಕಿ, ಪತ್ರ ಬರೆಯಬೇಕು. ಸ್ವಾಮಿ, ಜನ ದುಡ್ಡು ಕೊಟ್ಟು ಓದುವುದೇ ಈ ಅಧ್ಯಾಯಕ್ಕೆ, ಇದಿಲ್ಲದಿದ್ದರೆ ನೀವು ಗುಲಾಮರಾಗಿದ್ದದ್ದನ್ನೇ ಕೆಲವರು ನಂಬುವುದಿಲ್ಲ, ದಯವಿಟ್ಟು ಬರೆಯಿರಿ ಅಂತ. ಇನ್ನೊಬ್ಬ ಉತ್ತರ ಜೋಡಿಸಬೇಕು, ಆದರೆ ಡಗ್ಲಾಸ್ ಪುಸ್ತಕದಲ್ಲಿ ಇರುವ ವಾದಗಳನ್ನು ಮಾತ್ರ ಬಳಸಬೇಕು, ಒಂದು ಮಾತೂ ಹೊರಗಿನಿಂದ ತರುವಂತಿಲ್ಲ. ಪ್ರಕಾಶಕಿಯ ಪತ್ರ ಗಟ್ಟಿಯಾದಷ್ಟೂ ಉತ್ತರ ಬರೆಯುವವನು ಪುಸ್ತಕವನ್ನು ಹೆಚ್ಚು ತಡಕಾಡಬೇಕಾಗುತ್ತದೆ. ಇದು ಕ್ರಿಯೇಟಿವ್ ಡಬ್ಬಿಗೆ ಹೋಗಬೇಕಾ, ಅನಲಿಟಿಕಲ್ ಡಬ್ಬಿಗಾ, ನನಗಂತೂ ಗೊತ್ತಾಗುವುದಿಲ್ಲ.

ಪತ್ರ ವ್ಯವಹಾರ ಎಲ್ಲ ಮುಗಿದ ಮೇಲೆ 1881ರ ಪುಸ್ತಕದ ಪುಟ ಕೊಡುತ್ತೇನೆ. ಗುಲಾಮಗಿರಿ ಹೋಗಿ ಹದಿನೈದು ವರ್ಷ ದಾಟಿದೆ, ಈಗ ಹೇಳಬಹುದು. 1838ರ ಸೆಪ್ಟೆಂಬರ್ 3, ಬಾಲ್ಟಿಮೋರ್‌ನಿಂದ ರೈಲು. ನಾವಿಕನ ವೇಷ, ಕೆಂಪು ಅಂಗಿ. ಜೇಬಿನಲ್ಲಿ ಗೆಳೆಯನೊಬ್ಬನಿಂದ ಎರವಲು ತಂದ, ಸ್ವತಂತ್ರ ನಾವಿಕ ಅನ್ನುವ ಗುರುತಿನ ಕಾಗದ, ಮೇಲೆ ದೊಡ್ಡದಾಗಿ ಅಮೆರಿಕದ ಹದ್ದಿನ ಚಿತ್ರ. ಕಾಗದದಲ್ಲಿ ಬರೆದಿದ್ದ ಚಹರೆಗೂ ಡಗ್ಲಾಸ್ ಮುಖಕ್ಕೂ ತಾಳೆಯೇ ಇಲ್ಲ. ಕಂಡಕ್ಟರ್ ಹದ್ದನ್ನು ನೋಡಿದ, ದುಡ್ಡು ತೆಗೆದುಕೊಂಡ, ಮುಂದೆ ಹೋದ. ಇಷ್ಟು ಸರಳವಾದ ಉಪಾಯವನ್ನು 1845ರಲ್ಲಿ ಅಚ್ಚು ಹಾಕಿದ್ದರೆ ಮಾರನೇ ದಿನದಿಂದ ಪ್ರತಿ ಕಂಡಕ್ಟರೂ ಕಾಗದವನ್ನು ಕೊನೇವರೆಗೂ ಓದುತ್ತಿದ್ದ. ಇದನ್ನು ನಾನು ಹೇಳಬೇಕಾಗಿ ಬರುವುದಿಲ್ಲ, ಮಕ್ಕಳೇ ಹೇಳುತ್ತಾರೆ.

ಎಲ್ಲ ಪುಸ್ತಕವೂ ಇಷ್ಟು ಗಂಭೀರ ಇರಬೇಕಾಗಿಲ್ಲ. ಹೆನ್ರಿ ಡೇವಿಡ್ ಥೋರೋ ಅಂದರೆ ಮಕ್ಕಳಿಗೆ ನಿದ್ದೆ. ಕಾಡಿಗೆ ಹೋದ, ಕೆರೆ ಪಕ್ಕ ಕೂತ, ಉಪದೇಶ ಮಾಡಿದ ಅನ್ನುವುದು ಅವರ ಒಂದು ಸಾಲಿನ ಸಾರಾಂಶ. ಅವರ ಕ್ರಿಯೇಟಿವ್ ಪ್ರಾಜೆಕ್ಟು ಯಾವಾಗಲೂ ಐಸ್‌ಕ್ರೀಮ್ ಕಡ್ಡಿಯಲ್ಲಿ ಕಟ್ಟಿದ ಗುಡಿಸಲು. ನಾನು ಗುಡಿಸಲು ಬೇಡ, ಅದರ ಲೆಕ್ಕ ಓದಿ ಅನ್ನುತ್ತೇನೆ. 'ವಾಲ್ಡನ್' ಪುಸ್ತಕದ ಮೊದಲ ಅಧ್ಯಾಯದಲ್ಲಿ ಮನೆ ಕಟ್ಟಿದ ಖರ್ಚಿನ ಪಟ್ಟಿ ಇದೆ. ಹಲಗೆಗೆ 8 ಡಾಲರ್ ಮೂರೂವರೆ ಸೆಂಟ್, ಅದೂ ಬಹುಪಾಲು ಹಳೆ ಗುಡಿಸಲಿನ ಹಲಗೆ. ಗಾಜು ಸಮೇತ ಎರಡು ಹಳೆ ಕಿಟಕಿ, 2 ಡಾಲರ್ 43 ಸೆಂಟ್. ಸಾವಿರ ಹಳೆ ಇಟ್ಟಿಗೆ, 4 ಡಾಲರ್. ಮೊಳೆ, 3 ಡಾಲರ್ 90 ಸೆಂಟ್. ಸೀಮೆಸುಣ್ಣ, 1 ಸೆಂಟ್. ಎಲ್ಲ ಸೇರಿ 28 ಡಾಲರ್ ಹನ್ನೆರಡೂವರೆ ಸೆಂಟ್. ಪುಸ್ತಕದ ಇಡೀ ಪಟ್ಟಿ ಕೂಡಿಸಿ ನೋಡಿ, ಅರ್ಧ ಸೆಂಟೂ ಆಚೀಚೆ ಇಲ್ಲ.

ಪಟ್ಟಿಯ ಪಕ್ಕದಲ್ಲಿ ಸಣ್ಣ ಸಣ್ಣ ಷರಾ ಇವೆ, ಮಜಾ ಇರುವುದು ಅಲ್ಲೇ. ಸುಣ್ಣದ ಮುಂದೆ, ಇದು ದುಬಾರಿಯಾಯಿತು ಅಂತ. ಗಾರೆಗೆ ಬೆರೆಸುವ ಕೂದಲಿನ ಮುಂದೆ, ಬೇಕಾದ್ದಕ್ಕಿಂತ ಜಾಸ್ತಿ ತಂದೆ ಅಂತ. ಸಾಗಾಣಿಕೆಯ ಮುಂದೆ, ಬಹಳಷ್ಟನ್ನು ನಾನೇ ಬೆನ್ನ ಮೇಲೆ ಹೊತ್ತೆ ಅಂತ. ಉಪದೇಶ ಮಾಡುವ ದೊಡ್ಡ ಮನುಷ್ಯ ಇಲ್ಲಿ ಸುಣ್ಣದ ರೇಟಿಗೆ ಗೊಣಗುತ್ತಿದ್ದಾನೆ! ಇದನ್ನು ಓದಿದ ಮೇಲೆ ಮಕ್ಕಳು ತಮ್ಮದೇ ಒಂದು ವಾರದ ಖರ್ಚಿನ ಪಟ್ಟಿ ಮಾಡಬೇಕು, ಅರ್ಧ ಸೆಂಟನ್ನೂ ಬಿಡದೆ, ಪಕ್ಕದಲ್ಲಿ ಷರಾ ಸಮೇತ. ಆಮೇಲೆ ಎರಡನೇ ಭಾಗ. ಥೋರೋ ಪಟ್ಟಿಯಲ್ಲಿ ಏನು ಬಂದಿಲ್ಲ? ಜಾಗ ಬೇರೆಯವರದು. ಮರ ಕಡಿಯಲು ಹೋಗುವಾಗ ಕೊಡಲಿ ಎರವಲು. ಚೌಕಟ್ಟು ಎತ್ತಿ ನಿಲ್ಲಿಸಲು ಪರಿಚಯದವರು ಬಂದಿದ್ದರು. ಇದ್ಯಾವುದನ್ನೂ ಆತ ಮುಚ್ಚಿಟ್ಟಿಲ್ಲ, ಎಲ್ಲವೂ ಪುಸ್ತಕದಲ್ಲೇ ಇದೆ, ಖರ್ಚಿನ ಪಟ್ಟಿಯಲ್ಲಿ ಇಲ್ಲ ಅಷ್ಟೇ. ಈಗ ನಿಮ್ಮ ಪಟ್ಟಿಯಲ್ಲಿ ಏನು ಬಂದಿಲ್ಲ, ಬರೆಯಿರಿ. ಮನೆ ಬಾಡಿಗೆ, ಅಮ್ಮ ಮಾಡಿಕೊಟ್ಟ ಊಟ, ಅಣ್ಣನ ಹಳೆ ಕಾರು. ಹದಿನಾರರ ವಯಸ್ಸಿನಲ್ಲಿ ಈ ಎರಡನೇ ಪಟ್ಟಿ ಬರೆಯುವುದು ಸ್ವಲ್ಪ ಕಷ್ಟ. ಸ್ವಾವಲಂಬನೆ ಕುರಿತ ಆತನ ಮಾತುಗಳನ್ನು ಅದಾದ ಮೇಲೆ ಓದಿದರೆ ನಿದ್ದೆ ಬರುವುದಿಲ್ಲ, ಜಗಳ ಬರುತ್ತದೆ. ನನಗೆ ಬೇಕಾದದ್ದು ಅದೇ ಅಲ್ವಾ.

ಆರ್ಥರ್ ಮಿಲ್ಲರ್ ಅವರ 'ದಿ ಕ್ರೂಸಿಬಲ್' ನಾಟಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1953ರ ನಾಟಕ. ಕಥೆ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ 1692ರ ಮಾಟಗಾತಿ ವಿಚಾರಣೆ, ಬರೆದ ಕಾಲ ಅಮೆರಿಕದಲ್ಲಿ ಕಮ್ಯುನಿಸ್ಟರು ಅಂತ ಅನುಮಾನಿಸಿ ಜನರನ್ನು ಬೇಟೆಯಾಡುತ್ತಿದ್ದ ಕಾಲ. ಸೇಲಂನಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು, ಗೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಆ ವಿಚಾರಣೆಯ ಮೂಲ ದಾಖಲೆಗಳನ್ನು ವರ್ಜೀನಿಯಾ ವಿಶ್ವವಿದ್ಯಾಲಯ ಎಲ್ಲರೂ ಓದುವ ಹಾಗೆ ಅಂತರ್ಜಾಲಕ್ಕೆ ಹಾಕಿದೆ. ನಾಟಕದಲ್ಲಿ ಊರಿನವರ ಮೇಲೆ ಮಾಟದ ಆರೋಪ ಹೊರಿಸುವ ಹುಡುಗಿ ಅಬಿಗೈಲ್‌ಗೆ 17 ವರ್ಷ, ಅವಳ ಜೊತೆ ಸಂಬಂಧ ಇಟ್ಟುಕೊಂಡಿದ್ದ ರೈತ ಪ್ರಾಕ್ಟರ್‌ಗೆ ಮೂವತ್ತೈದರ ಹತ್ತಿರ. ನಿಜದಲ್ಲಿ ಆಕೆ ಹನ್ನೊಂದು-ಹನ್ನೆರಡರ ಮಗು, ಆತನಿಗೆ ಅರವತ್ತರ ಆಸುಪಾಸು. ಅಬಿಗೈಲ್ ವಯಸ್ಸು ಹೆಚ್ಚಿಸಿದ್ದೇನೆ ಅಂತ ಮಿಲ್ಲರ್ ನಾಟಕದ ಮೊದಲಲ್ಲೇ ಹೇಳಿದ್ದಾರೆ, ಮುಚ್ಚುಮರೆ ಇಲ್ಲ. ಒಂದು ದೃಶ್ಯವನ್ನು ನಿಜವಾದ ವಯಸ್ಸಿಟ್ಟು ತಿರುಗಿ ಬರೆಯಿರಿ ಅನ್ನುವುದು ಕೆಲಸ. ಅವರಿಬ್ಬರ ಸಂಬಂಧದ ಮೇಲೆ ನಿಂತ ಇಡೀ ಕಥೆ ಅಲ್ಲಿಗೆ ಕುಸಿಯುತ್ತದೆ. ಹಾಗಾದರೆ ಮಿಲ್ಲರ್‌ಗೆ ಆ ಸಂಬಂಧ ಯಾಕೆ ಬೇಕಾಯಿತು? ಒಬ್ಬ ಗಂಡಸಿನ ತಪ್ಪಿತಸ್ಥ ಮನಸ್ಸು ಇಲ್ಲದೆ ಊರಿನ ಹುಚ್ಚನ್ನು ಹೇಳಲು ಆಗುತ್ತಿರಲಿಲ್ಲವೇ? ಹುಡುಗಿಯರು ಈ ಪ್ರಶ್ನೆಯನ್ನು ಹುಡುಗರಿಗಿಂತ ಬೇಗ ಕೇಳುತ್ತಾರೆ.

ಒಂದು ಕೃತಿ ಇನ್ನೊಂದಕ್ಕೆ ಉತ್ತರ ಕೊಡುವುದನ್ನೂ ಮಕ್ಕಳು ನೋಡಬೇಕು. ಕವಿ ವಾಲ್ಟ್ ವಿಟ್ಮನ್ ಅಮೆರಿಕ ಹಾಡುತ್ತಿದೆ ಅಂದರೆ, ಕರಿಯ ಕವಿ ಲ್ಯಾಂಗ್ಸ್ಟನ್ ಹ್ಯೂಸ್ ನಾನೂ ಹಾಡುತ್ತೇನೆ, ನನ್ನನ್ನು ಅಡುಗೆಮನೆಗೆ ಕಳಿಸುತ್ತೀರಲ್ಲ ಅಂದರು. ಮುಂದೂಡಿದ ಕನಸು ಬಿಸಿಲಲ್ಲಿಟ್ಟ ಒಣದ್ರಾಕ್ಷಿಯ ಹಾಗೆ ಒಣಗಿಹೋಗುತ್ತದಾ ಅಂತ ಹ್ಯೂಸ್ 1951ರಲ್ಲಿ ಒಂದು ಪದ್ಯದಲ್ಲಿ ಕೇಳಿದ ಪ್ರಶ್ನೆಯಿಂದ ಲೊರೇನ್ ಹ್ಯಾನ್ಸ್‌ಬೆರಿ 1959ರ ತಮ್ಮ ನಾಟಕಕ್ಕೆ 'ಎ ರೈಸಿನ್ ಇನ್ ದಿ ಸನ್' ಅನ್ನುವ ಹೆಸರು ತೆಗೆದುಕೊಂಡರು. ಈ ಸರಪಳಿಗೆ ನಿಮ್ಮದೊಂದು ಕೊಂಡಿ ಸೇರಿಸಿ ಅಂದರೆ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಕೆಲವರು ನನಗಿಂತ ಚೆನ್ನಾಗಿ.

ಇಷ್ಟೆಲ್ಲ ಹೇಳಿದ ಮೇಲೆ ಯಾವ ನಮೂನೆಗೂ ಬಗ್ಗದ ಒಂದು ಉದಾಹರಣೆ. ಪ್ರತಿ ಪ್ರಾಜೆಕ್ಟಿನಲ್ಲೂ 'ಲೇಖಕರ ಪರಿಚಯ' ಅಂತ ಒಂದು ಭಾಗ ಕಡ್ಡಾಯ, ಫೋಟೋ, ಹುಟ್ಟಿದ ದಿನ, ಪ್ರಶಸ್ತಿಗಳು. ಈಗ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್‌ಗೆ ಬನ್ನಿ. 1910ರಿಂದ 1940ರವರೆಗೆ ಅಲ್ಲೊಂದು ವಲಸೆ ಠಾಣೆ ಇತ್ತು. ಚೀನೀಯರು ಬರದಂತೆ ತಡೆಯುವ ಕಾಯ್ದೆ 1882ರಲ್ಲೇ ಬಂದಿತ್ತು. ಬಂದವರನ್ನು ಅಲ್ಲಿ ಕೂಡಿಹಾಕಿ ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ವಿಚಾರಣೆ ಮಾಡುತ್ತಿದ್ದರು. ಅವರು ಮರದ ಗೋಡೆಯ ಮೇಲೆ ಚೀನೀ ಭಾಷೆಯಲ್ಲಿ ಪದ್ಯ ಬರೆದರು, ಕೆತ್ತಿದರು. ಅಧಿಕಾರಿಗಳು ಅದರ ಮೇಲೆ ಬಣ್ಣ ಬಳಿಸಿದರು. ಬಣ್ಣದ ಮೇಲೆ ಮತ್ತೆ ಕೆತ್ತಿದರು. ಠಾಣೆ ಮುಚ್ಚಿ ದಶಕಗಳಾದ ಮೇಲೆ, ಕಟ್ಟಡ ಕೆಡವುವ ಯೋಚನೆ ನಡೆದಿದ್ದಾಗ, 1970ರಲ್ಲಿ ಅಲ್ಲಿನ ಉದ್ಯಾನದ ರೇಂಜರ್ ಒಬ್ಬರ ಕಣ್ಣಿಗೆ ಇವು ಬಿದ್ದವು. 200ಕ್ಕೂ ಹೆಚ್ಚು ಪದ್ಯಗಳನ್ನು ಗುರುತಿಸಿದ್ದಾರೆ. ಬಹುಪಾಲಿಗೆ ಬರೆದವರ ಹೆಸರೇ ಇಲ್ಲ.

ಲೇಖಕರ ಪರಿಚಯ ಏನು ಬರೆಯುತ್ತೀರಿ? ಫೋಟೋ ಎಲ್ಲಿಂದ ತರುತ್ತೀರಿ? ಅದಿರಲಿ, ಇಂಗ್ಲಿಷಿನಲ್ಲಿ ಇಲ್ಲದ, ದೇಶದೊಳಗೆ ಕಾಲಿಡಲು ಬಿಡದವರು ಬರೆದ ಈ ಪದ್ಯ ಅಮೆರಿಕನ್ ಸಾಹಿತ್ಯವೇ? ಪಠ್ಯಪುಸ್ತಕದ ಕ್ರಮದಲ್ಲಿ ಇದನ್ನು ಎಲ್ಲಿ ಇಡುತ್ತೀರಿ, ಗ್ಯಾಟ್ಸ್‌ಬಿಗೆ ಮೊದಲೋ ಆಮೇಲೋ? ವಲಸೆ ಬಂದ ಮನೆಗಳ ಮಕ್ಕಳು ಈ ಕೆಲಸಕ್ಕೆ ಬೇರೆಯೇ ಥರ ಕೂರುತ್ತಾರೆ. ಆದರೆ ನಾನು ನೋಡಿದ ಒಳ್ಳೆಯ ಕೆಲಸ ಅಂಥ ಮನೆಯ ಹುಡುಗಿಯದ್ದಲ್ಲ. ಅವಳು ಒಂದು ಹಲಗೆಯ ಮೇಲೆ ಒಂದೇ ಪದ್ಯವನ್ನು ಕೆತ್ತಿ, ಬಣ್ಣ ಬಳಿದು, ಮತ್ತೆ ಕೆತ್ತಿ, ಮತ್ತೆ ಬಳಿದು ತಂದಿದ್ದಳು. ಜೊತೆಗಿದ್ದ ಹಾಳೆಯಲ್ಲಿ, ಕೆತ್ತುವುದಕ್ಕೆ ಹಿಡಿದ ಹೊತ್ತು ಎಷ್ಟು ಮತ್ತು ಬಣ್ಣ ಬಳಿಯುವುದಕ್ಕೆ ಹಿಡಿದ ಹೊತ್ತು ಎಷ್ಟು ಅನ್ನುವುದರ ಮೇಲೆ ಎರಡು ಪುಟ ಬರೆದಿದ್ದಳು.

ಆ ಹಾಳೆಯ ವಿಷಯಕ್ಕೇ ಬರುತ್ತೇನೆ. ಇಲ್ಲಿ ಅಂಕ ಕೊಡಲು ಒಂದು ಕೋಷ್ಟಕ ಇರುತ್ತದೆ. ಬಣ್ಣಕ್ಕೆ ಇಷ್ಟು, ಅಚ್ಚುಕಟ್ಟಿಗೆ ಇಷ್ಟು, 'ಕ್ರಿಯೇಟಿವಿಟಿ'ಗೆ ಇಷ್ಟು. ಕ್ರಿಯೇಟಿವಿಟಿಯನ್ನು ಹತ್ತಕ್ಕೆ ಏಳು ಅಂತ ಹೇಗೆ ಅಳೆಯುವುದೋ ದೇವರಿಗೇ ಗೊತ್ತು. ಹೆಚ್ಚು ದುಡ್ಡು ಇರುವ ಮನೆಯ ಮಕ್ಕಳ ಪೋಸ್ಟರು ಹೆಚ್ಚು ಹೊಳೆಯುತ್ತದೆ, ಅಂಕವೂ ಹೊಳೆಯುತ್ತದೆ. ಗುಂಪಿನ ಕೆಲಸವಾದರೆ ಇನ್ನೂ ಕಷ್ಟ, ಒಬ್ಬಳು ಮಾಡುತ್ತಾಳೆ, ಮೂವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಕೋಷ್ಟಕದ ಅಂಕಗಳಲ್ಲಿ ಅರ್ಧದಷ್ಟನ್ನು ತೆಗೆದು ಒಂದು ಹಾಳೆಗೆ ಕೊಟ್ಟಿದ್ದೇನೆ. ಅದರಲ್ಲಿ ಮೂರು ವಿಷಯ ಇರಬೇಕು. ಪುಸ್ತಕದ ಯಾವ ಸಾಲು ನಿನ್ನಿಂದ ಇದನ್ನು ಮಾಡಿಸಿತು, ಮಾಡುತ್ತಾ ಮಾಡುತ್ತಾ ಏನನ್ನು ಬಿಟ್ಟೆ, ಇನ್ನೊಬ್ಬ ಓದುಗ ಎಲ್ಲಿ ನಿನ್ನನ್ನು ಒಪ್ಪಲಿಕ್ಕಿಲ್ಲ. ಇದನ್ನು ಮನೆಯಲ್ಲಿ ಬರೆಯುವಂತಿಲ್ಲ, ತರಗತಿಯಲ್ಲೇ ಕೂತು ಕೈಯಲ್ಲಿ ಬರೆಯಬೇಕು. ಕಂಪ್ಯೂಟರ್ ಕಾಟಕ್ಕೆ ನನ್ನ ಬಳಿ ಇರುವ ಮದ್ದು ಇಷ್ಟೇ.

ಒಂದು ವ್ಯಾವಹಾರಿಕ ಮಾತು, ಮಕ್ಕಳ ಬರಹವನ್ನು ಹೊರಗೆ ಪ್ರಕಟಿಸುವವರಿಗೆ. ಗ್ಯಾಟ್ಸ್‌ಬಿ 2021ರ ಜನವರಿ 1ರಂದು ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಂತು. ಆ ಕಾಲದ ಪುಸ್ತಕಗಳಿಗೆ ಪ್ರಕಟವಾಗಿ 95 ವರ್ಷ ಅನ್ನುವುದು ಲೆಕ್ಕ. ಡೇಸಿಯ ಬಾಯಲ್ಲಿ ಇಡೀ ಕಥೆ ತಿರುಗಿ ಬರೆದು ಅಚ್ಚು ಹಾಕಿಸಿದರೂ ಯಾರೂ ಕೇಳುವುದಿಲ್ಲ. ಟೋನಿ ಮಾರಿಸನ್ ಅವರ 1987ರ 'ಬಿಲವೆಡ್' ಜೊತೆ ಹಾಗೆ ಮಾಡುವಂತಿಲ್ಲ, ತರಗತಿಯೊಳಗಿನ ಅಭ್ಯಾಸಕ್ಕೆ ಸರಿ, ಮಾರುವುದಕ್ಕಲ್ಲ. ಮೊದಲೇ ಹೇಳಿಬಿಟ್ಟರೆ ಆಮೇಲೆ ರಗಳೆ ಇರುವುದಿಲ್ಲ.

ಇದಕ್ಕೆಲ್ಲ ಸಮಯ ಎಲ್ಲಿ ಅಂತ ಬೇರೆ ಟೀಚರುಗಳು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ಎಂಟು ಪುಸ್ತಕ, ಎಂಟು ಪ್ರಾಜೆಕ್ಟ್ ಅಂತ ಹೊರಟರೆ ಇದು ಆಗದ ಮಾತು. ನಾನು ಎಂಟರಿಂದ ಮೂರಕ್ಕೆ ಇಳಿಸಿದ್ದೇನೆ. ಉಳಿದ ಐದು ಪುಸ್ತಕಗಳನ್ನು ಸುಮ್ನೆ ಓದುತ್ತೇವೆ, ಮಾತಾಡುತ್ತೇವೆ, ಮುಂದೆ ಹೋಗುತ್ತೇವೆ. ಗೋಡೆಯ ಮೇಲೆ ಅಂಟಿಸಲು ಏನೂ ಇರುವುದಿಲ್ಲ. ಪೋಷಕರು ಬಂದ ದಿನ ನನ್ನ ಕೋಣೆ ಬಣಗುಡುತ್ತದೆ, ಪಕ್ಕದ ಕೋಣೆ ಜಾತ್ರೆಯ ಹಾಗೆ ಇರುತ್ತದೆ. ಯಾಕೆ ಹೀಗೆ ಅಂತ ಕೇಳಿದವರ ಕೈಗೆ ಆ ಹಾಳೆಗಳ ಕಟ್ಟು ಕೊಡುತ್ತೇನೆ. ನಿಮ್ಮ ಆ ಓದುಗರಿಗೂ ಒಂದೆರಡು ಕಳಿಸಿಕೊಡುತ್ತೇನೆ, ಮಕ್ಕಳ ಹೆಸರು ತೆಗೆದು. ಓದಿ ನೋಡಿ, ಆಮೇಲೂ ಪ್ರಬಂಧವೇ ವಾಸಿ ಅಂದರೆ ಜಗಳ ಮುಂದುವರಿಸೋಣ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ, ಒಬ್ಬ ಸಾಹಿತ್ಯದ ಟೀಚರ್